ಬಾಲಕರ ಮನೆಪಾಠವೂ ಹಿರಿಯರ ಶ್ರವಣವೂ

ಬಾಲಕರ ವಿದ್ಯೆಗೆ ಆಶ್ರಯಸ್ಥಾನಗಳು ಎರಡು: ಐಗಳ ಶಾಲೆಯೊಂದು, ತಂದೆತಾಯಿಗಳ ಮನೆಯೊಂದು. ಮೊದಲನೆಯದರ ಲೆಕ್ಕವು ಸರ್ಕಾರದ ದಫ್ತರಗಳಲ್ಲಿ ಉಳಿದುಬಂದಿರುವುದು. ಎರಡನೆಯದು ರೂಢಿಯಲ್ಲಿಯೇ ಬಾಳಿಬಂದುದು. ಎರಡನ್ನೂ ಕೂಡಿಸಿ ನೋಡಿದಲ್ಲದೆ ಪೂರ್ವದ ಶಿಶುಶಿಕ್ಷಣದ ಸ್ವರೂಪವು ತಿಳಿಯಲಾರದು.

1822ರಲ್ಲಿ ಮದರಾಸಿನ ಗವರ್ನರರಾಗಿದ್ದ ಸರ್ ತಾಮಸ್ ಮನ್ರೋ ಅವರು ದೇಶೀಯ ಶಾಲೆಗಳ ವಿಚಾರಣೆಯನ್ನು ನಡೆಯಿಸುವಂತೆ ಅಪ್ಪಣೆ ಮಾಡಿದರು. ಅದರಂತೆ ಬಳ್ಳಾರಿಯ ಕಲೆಕ್ಟರರಾದ ಕ್ಯಾಂಬೆಲ್ ಅವರು 1823ರ ಆಗಸ್ಟ್ ತಿಂಗಳಲ್ಲಿ ಕಳುಹಿಸಿದ ವರದಿಯು ಬಹು ಬೆಲೆಯುಳ್ಳದ್ದು. ಆಗ ಆ ಜಿಲ್ಲೆಯಲ್ಲಿ 533 ಶಾಲೆಗಳೂ 6641 ವಿದ್ಯಾರ್ಥಿಗಳೂ ಇದ್ದರು. ಶಾಲೆಗಳ ಪೈಕಿ 235 ಕನ್ನಡದವು, 226 ತೆಲುಗಿನವು.

ಮಗುವಿಗೆ ಐದು ವರ್ಷ ತುಂಬಿದೊಡನೆ ಅಕ್ಷರಾಭ್ಯಾಸ. ಮೊದಲು ಮರಳಿನ ಮೇಲೆ ಬೆರಳಿನಿಂದ ತಿದ್ದುವುದು. ಬಳಿಕ ಹಲಗೆ, ಕಡತಗಳ ಮೇಲೆ ಬರೆಯುವುದು. ಬೆಳಿಗ್ಗೆ ಆರು ಗಂಟೆಗೆ ಶಾಲೆಯು ಮೊದಲಾಗುತ್ತಿತ್ತು. ಎಲ್ಲರಿಗಿಂತ ಮುಂಚೆ ಬಂದ ಬಾಲಕನ ಅಂಗೈಯಲ್ಲಿ ಸರಸ್ವತಿಯ ನಾಮವನ್ನು ಬರೆದು ಗೌರವಿಸುತ್ತಿದ್ದರು. ಹಿಂದೆ ಬಿದ್ದವರಿಗೆ ಬೆತ್ತದ ಸತ್ಕಾರ! ಮುಂದುವರಿದ ಹುಡುಗರು ಕಿರಿಯರಿಗೆ ಕಲಿಸುತ್ತ ತಮ್ಮ ಪಾಠವನ್ನೂ ದೃಢಪಡಿಸಿಕೊಳ್ಳುತ್ತಿದ್ದರು. ಈ ಕ್ರಮವನ್ನು ಕಲೆಕ್ಟರರು ಮನಸಾರೆ ಹೊಗಳಿರುವರು. ಆದರೆ ಒಂದು ದೋಷವನ್ನೂ ಅವರು ಮರೆಮಾಚಲಿಲ್ಲ. ಪಠ್ಯಗಳು ಆಡುಮಾತಿಗೆ ದೂರವಾದ ಪದ್ಯಭಾಷೆಯಲ್ಲಿದ್ದುದರಿಂದ ಬಾಲಕರು ಅರ್ಥವನ್ನರಿಯದೆ ಗಿಳಿಗಳಂತೆ ಒಪ್ಪಿಸುತ್ತಿದ್ದರೆಂಬುದೇ ಅದು.

ಈ ಕೊರತೆಯನ್ನು ತುಂಬುವ ಸ್ಥಾನವೇ ಮನೆ. ದೀಪ ಹಚ್ಚಿದ ಮೇಲೆ ಮಕ್ಕಳು ಸಾಲಾಗಿ ಕುಳಿತು ಮಗ್ಗಿಗಳನ್ನೂ ತಿಥಿವಾರಗಳನ್ನೂ ಗಟ್ಟಿಯಾಗಿ ಹೇಳುವುದು ನಮ್ಮ ನಾಡಿನ ರೂಢಿ. ಆ 6641 ಜನರಲ್ಲಿ ಹೆಣ್ಣುಮಕ್ಕಳು ಕೇವಲ 60. ಇದು ವ್ಯಸನದ ಸಂಗತಿಯೇ ಸರಿ; ಮಗನ ಕಡತವನ್ನು ಓದಬಲ್ಲ ತಾಯಿಯೇ ವಿರಳಳು. ಆದರೂ ಲೆಕ್ಕ ತಪ್ಪಿದರೆ ತಿದ್ದುವ, ಕಥೆಯನ್ನು ಕೇಳಿಯೇ ಬಲ್ಲ ತಾಯಂದಿರು ಇದ್ದರು. ಶ್ರವಣವೇ ಅವರ ಶಾಲೆಯಾಗಿತ್ತು.

ಲಿಂಗವಂತರ ಮಕ್ಕಳು ಓದುತ್ತಿದ್ದ ಗ್ರಂಥಗಳಲ್ಲಿ ರಾಘವಾಂಕನ ಕಾವ್ಯ, ಗಿರಿಜಾಕಲ್ಯಾಣ, ಚೆನ್ನಬಸವಪುರಾಣಗಳ ಹೆಸರುಗಳು ವರದಿಯಲ್ಲಿವೆ. ಇವೇ ಮೊದಲಾದ ಕೃತಿಗಳು ಮಠಗಳ ಪುರಾಣಶ್ರವಣದಲ್ಲಿಯೂ ಮೊಳಗುತ್ತಿದ್ದವು. ಶಾಲೆಯಲ್ಲಿ ಬರಿಯ ಶಬ್ದವಾಗಿ ಬಾಯಿಗೆ ಬಂದ ಪದ್ಯವು, ಪುರಾಣಿಕರು ಬಿಡಿಸಿ ಹೇಳಿದ ಅರ್ಥದಿಂದ, ತಾಯಿಯ ತೊಡೆಯ ಮೇಲೆ ಕುಳಿತ ಕೂಸಿಗೂ ಹೃದ್ಗತವಾಗುತ್ತಿತ್ತು. ಮುಂದೆ 1923ರಲ್ಲಿ ಡಾ. ಫ. ಗು. ಹಳಕಟ್ಟಿಯವರು ವಚನಶಾಸ್ತ್ರಸಾರವನ್ನು ಅಚ್ಚು ಹಾಕಿಸಿದ ಮೇಲಂತೂ ಆಡುಮಾತಿಗೆ ಸಮೀಪವಾದ ಶರಣರ ನುಡಿಯು ಮನೆಮನೆಯ ಓದಿಗೆ ಸುಲಭವಾಗಿ ಒದಗಿತು.

ಈಗ ಶಾಲೆಗಳು ಹೆಚ್ಚಿವೆ, ಪುಸ್ತಕಗಳೂ ಹೆಚ್ಚಿವೆ; ಓದಬಲ್ಲ ತಾಯಂದಿರೂ ಹೆಚ್ಚಿರುವರು. ಆದರೆ ಮಗು ಓದುವಾಗ ಕಿವಿಗೊಡುವ ಹಿರಿಯರು ಇಲ್ಲದಿದ್ದರೆ ಗಿಳಿಪಾಠದ ಹಳೆಯ ದೋಷವು ಹೊಸ ಪುಸ್ತಕಗಳಲ್ಲಿಯೂ ತಪ್ಪದು. ಆದಕಾರಣ ಸದ್ಭಕ್ತರು ಪ್ರತಿದಿನ ಸಂಜೆ ಅರ್ಧ ಗಳಿಗೆಯಾದರೂ ಮಕ್ಕಳ ಬಳಿಯಲ್ಲಿ ಕುಳಿತು, ಗಂಡೆಂದೂ ಹೆಣ್ಣೆಂದೂ ಎಣಿಸದೆ, ಅವರ ಓದನ್ನು ಕೇಳಿ ಅರ್ಥವನ್ನು ವಿಚಾರಿಸುವುದು ಯುಕ್ತವು.