ಶಿವನಸಮುದ್ರದ ಲೈನು, ನಮ್ಮ ಶೆಡ್ಡಿನ ವೈರು

ಹೋದ ಸಲ ಕಬ್ಬು ತುಂಬಿದ ಟ್ರೇಲರ್ ಮನೆ ಹಿಂದೆ ತಿರುಗುವಾಗ, ಟ್ರಾಕ್ಟರ್ ಶೆಡ್ಡಿಗೆ ಎಳೆದಿದ್ದ ಸರ್ವಿಸ್ ವೈರು ಕಬ್ಬಿನ ತುದಿಗೆ ಸಿಕ್ಕಿ ಕಿತ್ಕೊಂಡು ಬಂತು. ಹೊರೆ ಮೇಲೆ ಒಬ್ಬ ಹುಡುಗ ಕೂತಿದ್ದ. ಆ ಹೊತ್ತಲ್ಲಿ ಕರೆಂಟ್ ಇರಲಿಲ್ಲ, ಬಚಾವಾದ. ವೈರು ಎಳೆದವನು ನಾನೇ. ಒಂದು ತುದಿ ಗೋಡೆ ಮೊಳೆಗೆ, ಇನ್ನೊಂದು ತುದಿ ಬಿದಿರು ಗಳಕ್ಕೆ.

ಅವತ್ತಿಂದ ತಂತಿ ವಿಷಯ ತಲೇಲಿ ಕೂತಿದೆ. ನಮ್ಮ ಜಿಲ್ಲೆಗೆ ಇದು ಹೊಸದೇನಲ್ಲ. 1902ರಲ್ಲೇ ನಮ್ಮ ಕಾವೇರಿ ನೀರಿಂದ ಶಿವನಸಮುದ್ರದಲ್ಲಿ ಕರೆಂಟ್ ತಯಾರಾಗಿ, ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ಕಂಬದ ಮೇಲೆ ಹೋಯ್ತು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದ ಯೋಜನೆ. ಪಾಪ, ಅವರು 1901ರಲ್ಲೇ ತೀರ್ಕೊಂಡ್ರು, ದೀಪ ನೋಡಲಿಲ್ಲ. ಇಂಜಿನಿಯರ್ ಲಾಟ್‌ಬಿನಿಯರ್ ಓಡಾಡಿ ಕೆಲಸ ಮಾಡಿಸಿದರು. 1905ಕ್ಕೆ ಬೆಂಗಳೂರಿನ ಬೀದಿಗೆ ದೀಪ ಬಂತು. ಕರೆಂಟ್ ಹುಟ್ಟಿದ್ದು ಮಳವಳ್ಳಿ ಸೀಮೇಲಿ, ನಮ್ಮ ಹಳ್ಳಿಗಳಲ್ಲಿ ಉರೀತಿದ್ದುದು ಸೀಮೆಎಣ್ಣೆ ಬುಡ್ಡಿ. ಬೇಸಿಗೇಲಿ ಹೊಳೆ ಇಳಿದರೆ ಗಣಿಗೆ ಕರೆಂಟ್ ಸಾಲದೆ ಹೋಗೋದು. 1911ರಲ್ಲಿ ಕನ್ನಂಬಾಡಿ ಕಟ್ಟೆ ಕೆಲಸ ಶುರುವಾಗಕ್ಕೆ ಅದೂ ಒಂದು ದೊಡ್ಡ ಕಾರಣ. ನಮ್ಮ ಗದ್ದೆಗೆ ನೀರು ಬಂದ ಕಥೇಲಿ ಚಿನ್ನದ ಗಣಿ ಪಾಲೂ ಇದೆ ಅನ್ನಿ.

ಅಷ್ಟು ದೂರ ಹೇಗೆ ಕಳಿಸಿದರು ಅಂದ್ರೆ, 30,000 ವೋಲ್ಟಿಗೆ ಏರಿಸಿ. ವೋಲ್ಟೇಜ್ ಹತ್ತು ಪಟ್ಟು ಮಾಡಿದರೆ ಅಷ್ಟೇ ಕೆಲಸಕ್ಕೆ ತಂತೀಲಿ ಹರಿಯೋ ಕರೆಂಟ್ ಹತ್ತರಲ್ಲೊಂದು, ಬಿಸಿಯಾಗಿ ಹಾಳಾಗೋದು ನೂರರಲ್ಲೊಂದು ಪಾಲು. ನಾವು ಶೆಡ್ಡಿಗೆ ವೋಲ್ಟೇಜ್ ಏರಿಸಕ್ಕಾಗಲ್ಲ, ಅದಕ್ಕೇ ದೂರ ಹೆಚ್ಚಾದಷ್ಟೂ ದಪ್ಪ ವೈರು ಬೇಕು. ತೆಳು ವೈರಲ್ಲಿ ಮೇವು ಕತ್ತರಿಸೋ ಮೋಟಾರು ಗುಂಯ್ ಅಂತ ನಿಂತುಬಿಡೋದು ಇದಕ್ಕೇ. ನಾವು ಮೋಟಾರನ್ನ ಬೈತೀವಿ.

1957ರಲ್ಲಿ ವಿದ್ಯುತ್ ಮಂಡಳಿ ಆಯ್ತು. ಆಮೇಲೆ ನಿಧಾನಕ್ಕೆ ಹಳ್ಳಿಗೆ ಟಿಸಿ, ಪಂಪ್‌ಸೆಟ್ ಎಲ್ಲಾ ಬಂದ್ವು. ಅದಕ್ಕೆ ಒಂದು ವರ್ಷ ಮುಂಚೆ, 1956ರ ವಿದ್ಯುತ್ ನಿಯಮದಲ್ಲೇ ಎತ್ತರ ಬರೆದಿಟ್ಟಿದ್ದರು: ನಮ್ಮ ಮನೆ ಲೈನಿನಂಥದ್ದು ರಸ್ತೆ ದಾಟುವ ಕಡೆ 19 ಅಡಿ, ಅಂದರೆ 5.8 ಮೀಟರ್, ಬೇರೆ ಕಡೆ ಬರಿ ತಂತಿ 15 ಅಡಿ, ಹೊದಿಕೆ ಇರೋದು 13 ಅಡಿ. ನನ್ನ ವೈರು ಅಳೆದೆ. ಜೋತು ಬಿದ್ದ ಜಾಗದಲ್ಲಿ 10 ಅಡಿನೂ ಇರಲಿಲ್ಲ.

ಆ ಶಿವನಸಮುದ್ರದ ಲೈನಲ್ಲಿ ಭಾರ ಹೊತ್ತಿದ್ದು ಕಂಬ, ಕರೆಂಟ್ ತಡೆದಿದ್ದು ಪಿಂಗಾಣಿ ಕಪ್ಪು. ನಾನು ಎರಡೂ ಕೆಲಸಾನ ವೈರಿನ ರಬ್ಬರಿಗೇ ಬಿಟ್ಟಿದ್ದೆ. ಬಿಸಿಲಿಗೆ ಅದು ಬಿರುಕು ಬಿಟ್ಟಿತ್ತು.

ಈಗ ಟ್ರೇಲರ್ ತಿರುಗೋ ಜಾಗ ಬಿಟ್ಟು ಕಂಬ ಹುಗಿಸಿದ್ದೀನಿ. ಜಿಐ ತಂತಿ ಬಿಗಿದು, ಅದಕ್ಕೆ ವೈರು ಕಟ್ಟಿ, ಶೆಡ್ಡಿನ ತಗಡಿಗೆ ಎಲ್ಲೂ ತಾಗದ ಹಾಗೆ. ಶೆಡ್ಡಿಗೇ ಬೇರೆ ಮೇನ್ ಸ್ವಿಚ್ಚು, ಅರ್ತಿಂಗ್. ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿದ್ದು. ನಿಮ್ಮ ಶೆಡ್ಡಿಂದು ಎಷ್ಟು ಅಡಿ ಇದೆ ಅಂತ ಕಟಾವಿಗೆ ಮುಂಚೆ ಕಣ್ಣಳತೇಲೇ ನೋಡಿ ಹೇಳಿ. ಗಳು ಎತ್ತಿ ಅಳೆಯೋಕೆ ಮಾತ್ರ ಹೋಗಬೇಡಿ.