ಆರು ಪೌಂಡಿನ ಬಂಡವಾಳ, ಮನೆಮನೆಯ ಕಚೇರಿ

2020ರ ಲಾಕ್‌ಡೌನ್ ದಿನಗಳಲ್ಲಿ ನನ್ನ ಸೊಸೆ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕಚೇರಿಯ ಕೆಲಸ ಮಾಡುತ್ತಿದ್ದಳು. ಮೊಮ್ಮಗ ಅತ್ತರೆ ತಟ್ಟನೆ ಮೈಕ್ ಬಂದ್ ಮಾಡುವಳು. "ಇದೆಲ್ಲ ಹೊಸ ಕಾಲದ ಪದ್ಧತಿ ಮಾವ" ಎಂದಿದ್ದಳು. ಅದು ಅಷ್ಟೇನೂ ಹೊಸದಲ್ಲವೆಂದು ನನಗೆ ತಿಳಿದದ್ದು, ಇಂಗ್ಲೆಂಡಿನ ಸ್ಟೆಫನಿ ಶರ್ಲಿಯವರ ವೃತ್ತಾಂತವನ್ನು ಓದಿದ ಮೇಲೆ.

1933ರಲ್ಲಿ ಜರ್ಮನಿಯ ಡಾರ್ಟ್‌ಮಂಡ್‌ನಲ್ಲಿ ಜನಿಸಿದ ಶರ್ಲಿಯವರ ತಂದೆ ಯಹೂದಿ. 1939ರಲ್ಲಿ, ನಾಜಿಗಳ ಹಿಡಿತದಿಂದ ಮಕ್ಕಳನ್ನು ಪಾರುಮಾಡುತ್ತಿದ್ದ ರೈಲಿನಲ್ಲಿ ಅಕ್ಕನೊಡನೆ ಇಂಗ್ಲೆಂಡಿಗೆ ಬಂದಾಗ ಅವರಿಗೆ ಐದು ವರ್ಷ. ಗಣಿತದಲ್ಲಿ ಆಸಕ್ತಿ ಬೆಳೆಸಿಕೊಂಡು, ಲಂಡನ್ನಿನ ಡಾಲಿಸ್ ಹಿಲ್‌ನಲ್ಲಿದ್ದ ಅಂಚೆ ಇಲಾಖೆಯ ಸಂಶೋಧನಾ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದರು. ಹೆಣ್ಣೆಂಬ ಕಾರಣಕ್ಕೆ ಮೇಲಿನ ಸ್ಥಾನಗಳ ಬಾಗಿಲು ಮುಚ್ಚಿರುವುದನ್ನು ಕಂಡು ಬೇಸತ್ತು, 1962ರಲ್ಲಿ ಕೇವಲ ಆರು ಪೌಂಡ್ ಬಂಡವಾಳದಿಂದ 'ಫ್ರೀಲಾನ್ಸ್ ಪ್ರೋಗ್ರಾಮರ್ಸ್' ಎಂಬ ಸಂಸ್ಥೆಯನ್ನು ತಮ್ಮ ಮನೆಯಲ್ಲಿಯೇ ಆರಂಭಿಸಿದರು.

ಮದುವೆ, ಬಾಣಂತನಗಳ ಕಾರಣ ಉದ್ಯೋಗ ಬಿಟ್ಟು ಮನೆಯಲ್ಲಿದ್ದ ಪ್ರೋಗ್ರಾಮರ್ ಮಹಿಳೆಯರೇ ಅವರ ಸಿಬ್ಬಂದಿ. ಅಭ್ಯರ್ಥಿಗಳಿಗೆ ಕೇಳುತ್ತಿದ್ದ ಒಂದು ಮುಖ್ಯ ಪ್ರಶ್ನೆ: ಟೆಲಿಫೋನ್ ಸೌಲಭ್ಯ ಇದೆಯೇ? ಅವರವರ ಮನೆಯಲ್ಲಿ ಕುಳಿತು, ಕಾಗದದ ಮೇಲೆ ಪೆನ್ಸಿಲಿನಿಂದ ಕೆಲಸದ ಹಂತಗಳ ನಕ್ಷೆ ಬರೆದು, ಬಳಿಕ ಪ್ರೋಗ್ರಾಮನ್ನು ರಚಿಸಿ ಅಂಚೆಯಲ್ಲಿ ಕಂಪ್ಯೂಟರ್ ಕೇಂದ್ರಕ್ಕೆ ಕಳುಹಿಸುತ್ತಿದ್ದರು. ಅಲ್ಲಿ ಅದನ್ನು ಕಾಗದದ ಪಟ್ಟಿ ಅಥವಾ ಕಾರ್ಡುಗಳ ಮೇಲೆ ರಂಧ್ರಗಳಾಗಿ ಕೊರೆದು, ತಪ್ಪು ಹಿಡಿಯಲು ಮತ್ತೊಮ್ಮೆ ಕೊರೆದು ತಾಳೆ ನೋಡುತ್ತಿದ್ದರು. ಯಂತ್ರದ ಮುಖವನ್ನು ಪ್ರೋಗ್ರಾಮ್ ಕಾಣುತ್ತಿದ್ದುದು ಆ ಮೇಲೆ!

ಗ್ರಾಹಕರಿಗೆ ಗಂಟೆಯ ಲೆಕ್ಕವಿಲ್ಲ. ಇಡೀ ಕೆಲಸಕ್ಕೆ ಇಂತಿಷ್ಟೆಂದು ಮುಂಚೆಯೇ ನಿಗದಿಯಾದ ಬೆಲೆ. ಆದುದರಿಂದ ಕೆಲಸವು ಅಡುಗೆಮನೆಯಲ್ಲಾಯಿತೇ, ಅರ್ಧ ದಿನದಲ್ಲಾಯಿತೇ ಎಂದು ಯಾರೂ ಕೇಳುವಂತಿರಲಿಲ್ಲ. ಕೆಲಸಗಾರರು ಕಣ್ಣೆದುರಿಗೆ ಇಲ್ಲದಿದ್ದಾಗ ಅವರ ಮೇಲೆ ನಂಬಿಕೆಯೂ, ಕೆಲಸಕ್ಕೆ ಕಟ್ಟುನಿಟ್ಟಾದ ಲಿಖಿತ ಕ್ರಮವೂ ಬೇಕೆಂಬುದನ್ನು ಅವರು ಅರಿತಿದ್ದರು.

ಆದರೂ ಹೊರಗಿನವರ ಕಣ್ಣಿಗೆ ಮಣ್ಣೆರಚಬೇಕಾದ ಪ್ರಸಂಗಗಳಿದ್ದವು. ಸ್ಟೆಫನಿ ಎಂಬ ಸಹಿಯಿದ್ದ ಪತ್ರಗಳಿಗೆ ಉತ್ತರ ಬಾರದಾಗ, ಪತಿಯ ಸಲಹೆಯಂತೆ ಗಂಡಸಿನ ಹೆಸರಾದ 'ಸ್ಟೀವ್' ಎಂದು ಸಹಿ ಮಾಡತೊಡಗಿದರು, ಉತ್ತರಗಳು ಬಂದವು. ಫೋನಿನಲ್ಲಿ ಮಾತನಾಡುವಾಗ ಮಗುವಿನ ಅಳು ಕೇಳಿಸದಿರಲೆಂದು ಟೈಪ್‌ರೈಟರ್ ಸದ್ದಿನ ಟೇಪ್ ಹಾಕುತ್ತಿದ್ದರಂತೆ. ಸೊಸೆಯ ಮೈಕ್ ನೆನಪಾಗಿ ನನಗೆ ನಗು ಬಂತು.

ಮೊದಲ 300 ಜನರಲ್ಲಿ ಗಂಡಸು ಪ್ರೋಗ್ರಾಮರುಗಳು ಮೂವರೇ. ಕಾನ್‌ಕಾರ್ಡ್ ವಿಮಾನದ ಕಪ್ಪುಪೆಟ್ಟಿಗೆಯ ಪ್ರೋಗ್ರಾಮ್ ರಚಿಸಿದವರೂ ಈ ಮನೆಗೆಲಸದ ನಡುವಿನ ಹೆಂಗಸರೇ. 1975ರ ಲಿಂಗತಾರತಮ್ಯ ನಿಷೇಧ ಕಾಯಿದೆ ಬಂದಾಗ, ಹೆಂಗಸರಿಗೇ ಆದ್ಯತೆ ಎಂಬ ನಿಯಮ ಅಕ್ರಮವಾಗಿ, ಗಂಡಸರಿಗೂ ಬಾಗಿಲು ತೆರೆಯಬೇಕಾಯಿತು. ಶರ್ಲಿಯವರು ತಮ್ಮ ಷೇರುಗಳ ಪಾಲನ್ನು ಸಿಬ್ಬಂದಿಗೆ ಹಂಚಿದ್ದರಿಂದ ಅವರಲ್ಲಿ 70 ಮಂದಿ ಲಕ್ಷಾಧೀಶರಾದರು; ಲಕ್ಷವೆಂದರೆ ರೂಪಾಯಿಯಲ್ಲ, ಹತ್ತು ಲಕ್ಷ ಪೌಂಡಿನ ಮಾತು. 2025ರ ಆಗಸ್ಟ್‌ನಲ್ಲಿ, ತೊಂಬತ್ತೊಂದನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಇದನ್ನೆಲ್ಲ ಓದುತ್ತಿದ್ದಾಗ ನನ್ನ ವಿದ್ಯಾರ್ಥಿನಿಯೊಬ್ಬಳ ನೆನಪು ಕಾಡಿತು. ರೇಖಾಗಣಿತದಲ್ಲಿ ನಾನು ತೋರಿದ ಸಾಧನೆಗಿಂತ ಚಿಕ್ಕದೊಂದನ್ನು ಕರಿಹಲಗೆಯ ಮೇಲೆ ಬಿಡಿಸಿ ನನ್ನನ್ನು ಬೆರಗುಗೊಳಿಸಿದವಳು. ಪಿಯುಸಿ ಮುಗಿಯುವ ಮೊದಲೇ ಮದುವೆಯಾಯಿತು. ನಾನು ಅವಳ ತಂದೆಯ ಬಳಿ ಹೋಗಿ ಒಂದು ಮಾತು ಆಡಬಹುದಿತ್ತು. ಆಡಲಿಲ್ಲ, ಮದುವೆಯ ಊಟ ಮಾಡಿ ಬಂದೆ. ಎಷ್ಟೋ ವರ್ಷಗಳ ಮೇಲೆ ಬಸ್ ನಿಲ್ದಾಣದಲ್ಲಿ ಸಿಕ್ಕಾಗ, "ಈಗಲೂ ಲೆಕ್ಕ ಮಾಡುತ್ತೀಯೇನಮ್ಮ?" ಎಂದು ಕೇಳಿದೆ. "ಹಾಲಿನ ಲೆಕ್ಕ ಬರೀತೀನಿ ಸಾರ್" ಎಂದಳು. ಅವಳೂ ನಕ್ಕಳು, ನಾನೂ ನಕ್ಕೆ.

ಅಂಥವರ ಮನೆಯ ಬಾಗಿಲಿಗೆ ಕೆಲಸವನ್ನು ಒಯ್ಯಬಹುದೆಂದು 1962ರಲ್ಲಿಯೇ ಒಬ್ಬಾಕೆ ತೋರಿಸಿಕೊಟ್ಟಿದ್ದರು. ನಮ್ಮೂರಿನ ಮೇಷ್ಟರಿಗೆ ಅದು ತಿಳಿಯುವ ಹೊತ್ತಿಗೆ ತಡವಾಗಿತ್ತು.