ರಾಮನಗರದ ಮಣಿಸರ

ಕೆಂಪು, ಹಸಿರು ಮಣಿಗಳ ಒಂದು ಸರ. ದಿನಕ್ಕೊಂದು ಮಣಿ ಸರಿಸಬೇಕು. ಹಸಿರು ಮಣಿಯ ದಿನ ಭಯವಿಲ್ಲ. ಕೆಂಪು ಮಣಿ ಬಂದರೆ ಗಂಡ ಹೆಂಡಿರು ದೂರವಿರಬೇಕು. 1952ರಲ್ಲಿ ಅಂದಿನ ಮೈಸೂರು ರಾಜ್ಯದ ರಾಮನಗರದ ಹೆಣ್ಣುಮಕ್ಕಳ ಕೈಗೆ ಈ ಸರ ಬಂತು. ಕೊಟ್ಟದ್ದು ದೇವಸ್ಥಾನದವರಲ್ಲ, ವಿಶ್ವ ಆರೋಗ್ಯ ಸಂಸ್ಥೆಯ ಪ್ರಯೋಗದವರು.

ಇದರ ಹಿಂದೆ ದೆಹಲಿಯ ರಾಜಕೀಯವೂ ಇತ್ತು. ಮೊದಲ ಪಂಚವಾರ್ಷಿಕ ಯೋಜನೆ ಕುಟುಂಬ ಯೋಜನೆಗೆ 65 ಲಕ್ಷ ರೂಪಾಯಿ ಎತ್ತಿಟ್ಟಿತ್ತು. ಆದರೆ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ಗಾಂಧೀಜಿಯವರ ಶಿಷ್ಯೆ. ಕೃತಕ ಸಾಧನಗಳು ಅವರಿಗೆ ಒಪ್ಪಿಗೆಯಿರಲಿಲ್ಲ. 1935ರ ಡಿಸೆಂಬರಿನಲ್ಲಿ ಅಮೆರಿಕದ ಮಾರ್ಗರೆಟ್ ಸ್ಯಾಂಗರ್ ವಾರ್ಧಾಕ್ಕೆ ಬಂದು ವಾದಿಸಿದಾಗಲೂ ಗಾಂಧೀಜಿ ಜಗ್ಗಿರಲಿಲ್ಲ. 'ಸುರಕ್ಷಿತ ದಿನ'ಗಳ ವಿಧಾನದ ಬಗ್ಗೆ ಮಾತ್ರ ಅವರ ವಿರೋಧ ಅಷ್ಟು ತೀವ್ರವಾಗಿರಲಿಲ್ಲ. ಸಚಿವೆ ಹಿಡಿದದ್ದು ಇದೇ ದಾರಿಯನ್ನು. ಅವರ ಕೋರಿಕೆಯ ಮೇರೆಗೆ 1951ರಲ್ಲಿ ನ್ಯೂಯಾರ್ಕಿನ ವೈದ್ಯ ಅಬ್ರಹಾಂ ಸ್ಟೋನ್ ಭಾರತಕ್ಕೆ ಬಂದರು. ಪ್ರಯೋಗಕ್ಕೆ ದೆಹಲಿಯ ಲೋದಿ ಕಾಲೊನಿ ಮತ್ತು ಹಿಂದೆ ಕ್ಲೋಸ್‌ಪೇಟೆ ಎನಿಸಿಕೊಂಡಿದ್ದ ರಾಮನಗರ ಆಯ್ಕೆಯಾದವು.

ವಿಚಿತ್ರವೆಂದರೆ, ಗರ್ಭನಿರೋಧ ಮೈಸೂರಿಗೆ ಹೊಸ ವಿಷಯವೇ ಆಗಿರಲಿಲ್ಲ. 1930ರಲ್ಲೇ ಮೈಸೂರು ಸರ್ಕಾರ ತನ್ನ ಪ್ರಮುಖ ಆಸ್ಪತ್ರೆಗಳಲ್ಲಿ ಇದಕ್ಕಾಗಿ ಕ್ಲಿನಿಕ್ ತೆರೆಯಲು ಆದೇಶಿಸಿತ್ತು. ಸರ್ಕಾರವೇ ತೆರೆದ ಇಂತಹ ಕ್ಲಿನಿಕ್‌ಗಳಲ್ಲಿ ಜಗತ್ತಿಗೇ ಇವು ಮೊದಲನೆಯವು ಎಂದು ಇತಿಹಾಸಕಾರರು ಗುರುತಿಸುತ್ತಾರೆ.

ದಿನ ಎಣಿಸುವುದಂತೂ ನಮ್ಮ ಮನೆಗಳಲ್ಲಿ ಮೊದಲಿನಿಂದಲೂ ಇತ್ತು. 'ಹೊರಗಾದ' ಹೆಂಗಸು ಮೂರು ದಿನ ಕಳೆದು ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಳ್ಳುವ ಲೆಕ್ಕ ಯಾರಿಗೆ ಗೊತ್ತಿಲ್ಲ? ಧರ್ಮಶಾಸ್ತ್ರದ ಪ್ರಕಾರ ಮುಟ್ಟಿನ ಮೊದಲ ದಿನದಿಂದ ಹದಿನಾರು ರಾತ್ರಿ ಋತುಕಾಲ. ಅದು ಮುಗಿದ ಮೇಲೆ ಗರ್ಭಾಶಯ ಸಂಜೆಯ ತಾವರೆಯಂತೆ ಮುಚ್ಚಿಕೊಳ್ಳುತ್ತದೆ ಎಂಬುದು ಸುಶ್ರುತನ ಹೋಲಿಕೆ. ಲೆಕ್ಕ ಪೂರ್ತಿ ಸರಿಯಲ್ಲ, ಆದರೆ ಪೂರ್ತಿ ತಪ್ಪೂ ಅಲ್ಲ. ನಿಜವಾಗಿ ಎಡವಿದವರು ಹತ್ತೊಂಬತ್ತನೆಯ ಶತಮಾನದ ಯುರೋಪಿನ ವೈದ್ಯರು. ಗರ್ಭ ನಿಲ್ಲುವುದು ಮುಟ್ಟಿನ ಆಸುಪಾಸಿನಲ್ಲಿ, ನಡುವಿನ ದಿನಗಳು ಕ್ಷೇಮ ಎಂದು ಅವರಲ್ಲಿ ಅನೇಕರು ಹೇಳಿಕೊಟ್ಟರು. ಆ ನಡುವಿನ ದಿನಗಳೇ ಅಪಾಯದವು! ವೈದ್ಯರ ಮಾತು ನಂಬಿ ಬಸಿರಾದವರೆಷ್ಟೋ.

ಈ ಗೊಂದಲ ಬಗೆಹರಿದದ್ದು 1920ರ ದಶಕದಲ್ಲಿ, ಜಪಾನಿನ ಓಗಿನೊ ಮತ್ತು ಆಸ್ಟ್ರಿಯಾದ ಕ್ನಾಸ್ ಎಂಬ ಇಬ್ಬರು ವೈದ್ಯರಿಂದ. ಮುಂದಿನ ಮುಟ್ಟಿಗೆ ಸುಮಾರು ಹದಿನಾಲ್ಕು ದಿನ ಮೊದಲು ಅಂಡ ಹೊರಬರುತ್ತದೆ. ಅದರ ಆಯುಸ್ಸು ಒಂದೇ ದಿನ. ವೀರ್ಯಾಣು ಮಾತ್ರ ಐದು ದಿನ ಜೀವ ಹಿಡಿದಿರಬಲ್ಲದು. 1995ರಲ್ಲಿ ಅಮೆರಿಕದಲ್ಲಿ ಪ್ರಕಟವಾದ, 221 ಮಹಿಳೆಯರ ಅಧ್ಯಯನವೊಂದು ಇದಕ್ಕೆ ಅಂಕಿ ಕೊಟ್ಟಿತು: ಗರ್ಭ ನಿಂತದ್ದೆಲ್ಲ ಆರು ದಿನಗಳ ಅವಧಿಯಲ್ಲಿ. ಅಂಡ ಬಿಡುಗಡೆಗೆ ಐದು ದಿನ ಮುಂಚೆ ಕೂಡಿದರೆ ಸಾಧ್ಯತೆ ಶೇ 10ರಷ್ಟು, ಬಿಡುಗಡೆಯ ದಿನವೇ ಆದರೆ ಶೇ 33ರಷ್ಟು. ತೊಡಕು ಇರುವುದು ಇಲ್ಲೇ. ಮುಂದಿನ ಮುಟ್ಟು ಯಾವಾಗ ಎಂದು ಮುಂಚಿತವಾಗಿ ಹೇಳುವವರು ಯಾರು?

ರಾಮನಗರದಲ್ಲಿ ಕೇಳಿದಾಗ ಬಹುಪಾಲು ದಂಪತಿಗಳು ಮಕ್ಕಳು ಸಾಕು, ಉಪಾಯ ಹೇಳಿಕೊಡಿ ಎಂದವರೇ. ಆದರೆ ಮುಟ್ಟು ಕ್ರಮವಾಗಿಲ್ಲದವರಿಗೆ, ಮೊಲೆಯುಣಿಸುವ ತಾಯಂದಿರಿಗೆ ಈ ಲೆಕ್ಕ ಹೊಂದುವುದಿಲ್ಲ. ಉಳಿದವರಲ್ಲಿ ಕೊನೆಯವರೆಗೆ ಪಾಲಿಸಿದವರು ಸಣ್ಣ ಪಾಲು. ಕೆಲವರು ಮಣಿ ಸರಿಸುವುದನ್ನು ಮರೆತರು, ಕೆಲವರು ಹಿಂದುಮುಂದಾಗಿ ಸರಿಸಿದರು. ಸರವೇ ತಾಯಿತದಂತೆ ಕಾಪಾಡುತ್ತದೆ ಎಂದು ನಂಬಿದವರೂ ಇದ್ದರು. ಕತ್ತಲಲ್ಲಿ ಕೆಂಪು ಯಾವುದು, ಹಸಿರು ಯಾವುದು ಎಂದು ತಿಳಿಯದೆಂಬ ದೂರೂ ಬಂತು. ದೆಹಲಿಯಲ್ಲಿ ಈ ಕಥೆಗಳು ನಗೆಗೆ ವಸ್ತುವಾದವು. ಆದರೆ ತಪ್ಪನ್ನೆಲ್ಲ ಹೆಂಗಸರ ಮೇಲೆ ಹೊರಿಸುವುದು ಅನ್ಯಾಯ. ಕೆಂಪು ಮಣಿಯ ರಾತ್ರಿ ಬೇಡವೆಂದರೆ ಗಂಡ ಕೇಳಬೇಕಲ್ಲ! ಗಂಡಸರ ಕೊರಳಿಗಂತೂ ಯಾರೂ ಸರ ಹಾಕಲಿಲ್ಲ.

ಲೆಕ್ಕ ತಪ್ಪಿದ ಮೇಲೆ ಏನು ಮಾಡಬೇಕೆಂಬುದಕ್ಕೆ ಅಂದು ಉತ್ತರವಿರಲಿಲ್ಲ. ಈಗ ಇದೆ. ಲೆವೊನಾರ್ಜೆಸ್ಟ್ರಲ್ ಮಾತ್ರೆ ಭಾರತದಲ್ಲಿ 2005ರಿಂದ ವೈದ್ಯರ ಚೀಟಿಯಿಲ್ಲದೆ ಸಿಗತೊಡಗಿತು. 1.5 ಮಿಲಿಗ್ರಾಂನ ಒಂದು ಮಾತ್ರೆಯನ್ನು 72 ಗಂಟೆಗಳೊಳಗೆ ನುಂಗಬೇಕು. ಬೇಗ ನುಂಗಿದಷ್ಟೂ ಒಳ್ಳೆಯದು. ಅದು ಅಂಡದ ಬಿಡುಗಡೆಯನ್ನು ಮುಂದೂಡುತ್ತದೆ ಅಷ್ಟೆ. ಆಗಲೇ ನಿಂತ ಗರ್ಭವನ್ನು ತೆಗೆಯುವುದಿಲ್ಲ, ಅಂಡ ಹೊರಬಿದ್ದಿದ್ದರೆ ನೆಚ್ಚುವಂತಿಲ್ಲ. ಐದು ದಿನಗಳೊಳಗೆ ವೈದ್ಯರಿಂದ ಕಾಪರ್-ಟಿ ಹಾಕಿಸಿಕೊಳ್ಳುವುದು ಇದಕ್ಕಿಂತ ಪರಿಣಾಮಕಾರಿ. ಮುಟ್ಟು ಒಂದು ವಾರ ತಡವಾದರೆ ಮೂತ್ರ ಪರೀಕ್ಷೆ ಮಾಡಿಸಬೇಕು.

ಸೋತ ಸರ ಮಾತ್ರ ಮೂಲೆ ಸೇರಲಿಲ್ಲ. ಅರ್ಧ ಶತಮಾನದ ಬಳಿಕ ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಸಂಶೋಧಕರು 32 ಮಣಿಗಳ ಹೊಸ ಸರ ಮಾಡಿದರು. ಮುಟ್ಟಿನ ಚಕ್ರ 26ರಿಂದ 32 ದಿನಗಳೊಳಗೆ ಇರುವವರಿಗೆ ಮಾತ್ರ ಅದು. 8ರಿಂದ 19ನೆಯ ದಿನದವರೆಗಿನ ಹನ್ನೆರಡು ಮಣಿಗಳು ಬಿಳಿ. ಆ ದಿನಗಳಲ್ಲಿ ಎಚ್ಚರ ಬೇಕು. ಹಿಂದುಮುಂದಾಗದಂತೆ ರಬ್ಬರ್ ಉಂಗುರವೊಂದು ಒಂದೇ ದಿಕ್ಕಿಗೆ ಸರಿಯುತ್ತದೆ. ಬಿಳಿ ಮಣಿಗಳು ಕತ್ತಲಲ್ಲಿ ಹೊಳೆಯುತ್ತವೆ.